ಮೂವತ್ತು ಡಿಗ್ರಿ ತಪ್ಪು

"ಮೊದಲು ಕೈ ಹೊರಗೆ ತೆಗೀರಿ."

ಅವನು ಅವಳಿಗೆ ಆಡಿದ ಮೊಟ್ಟಮೊದಲ ಮಾತು ಇದು. ನಮಸ್ಕಾರವಿಲ್ಲ, ಪರಿಚಯವಿಲ್ಲ, ಒಳಗೆ ಬರಲೇ ಎಂಬ ಪ್ರಶ್ನೆಯೂ ಇಲ್ಲ.

ಅವಳು ಅಡುಗೆಮನೆಯಲ್ಲಿ ಮಂಡಿಯೂರಿ ಕೂತು, ಒಂದು ಕೈಯಲ್ಲಿ ಟಾರ್ಚ್ ಹಿಡಿದು, ಇನ್ನೊಂದನ್ನು ಮೊಣಕೈವರೆಗೆ ಓವನ್ನಿನೊಳಗೆ ತೂರಿಸಿದ್ದಳು. ಓವನ್ನಿನ ಪ್ಲಗ್ ಇನ್ನೂ ಗೋಡೆಯಲ್ಲೇ ಇತ್ತು. ಹಜಾರದಲ್ಲಿ ಅವಳ ಸೋದರತ್ತೆ ಸ್ಟೂಲ್ ಹತ್ತಿ, ಬೆಳಗಿನಿಂದ ಪದೇಪದೇ ಬೀಳುತ್ತಿದ್ದ ಮೇನ್ ಸ್ವಿಚ್ಚನ್ನು ಮತ್ತೆ ಮೇಲೆತ್ತಲು ಕೈ ಚಾಚಿದ್ದರು.

ಅವನು ದಾಪುಗಾಲು ಹಾಕಿ ಬಂದು ಪ್ಲಗ್ ಕಿತ್ತ. ಆಮೇಲೆ ಹಜಾರದ ಕಡೆ ತಿರುಗಿ, "ಅಮ್ಮಾ, ಈಗ ಬೇಕಾದ್ರೆ ಎತ್ತಿ," ಎಂದ.

ಸ್ವಿಚ್ ಮೇಲೇರಿತು. ಫ್ಯಾನ್ ತಿರುಗಿತು, ಫ್ರಿಜ್ ಗೊರಗುಟ್ಟಿತು. ಅವಳು ತನ್ನ ಕೈಯನ್ನು ಒಮ್ಮೆ ನೋಡಿಕೊಂಡಳು. ಎದೆ ಜೋರಾಗಿ ಹೊಡೆದುಕೊಳ್ಳುತ್ತಿತ್ತು... ಇಂಥ ಕಥೆಗಳಲ್ಲಿ ಇಂಥ ಹೊತ್ತಿಗೆ ಎದೆ ಹೊಡೆದುಕೊಳ್ಳುವುದು ಪ್ರೀತಿಯಿಂದ. ಅವಳದ್ದು ಹೊಡೆದುಕೊಂಡದ್ದು ಅರ್ಧ ಭಯದಿಂದ, ಅರ್ಧ ಸಿಟ್ಟಿನಿಂದ.

"ಮನೆಯೊಳಗೆ ಬರೋರು ಬೆಲ್ ಮಾಡ್ಬೇಕು," ಎಂದಳು.

"ಮಾಡಿದೆ. ಕರೆಂಟ್ ಇರಲಿಲ್ಲ, ಬೆಲ್ ಆಗಲಿಲ್ಲ."

ಮಾತು ಸರಿಯಾಗಿದ್ದದ್ದಕ್ಕೇ ಅವಳಿಗೆ ಸಿಟ್ಟು ಇನ್ನಷ್ಟು ಏರಿತು.

ಬಂದವನು ಮಾರುಕಟ್ಟೆ ಬೀದಿಯ ರಿಪೇರಿ ಅಂಗಡಿಯವನು. ಅಂಗಿಯ ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಸದಾ ಟೆಸ್ಟರ್ ಸಿಕ್ಕಿಸಿಕೊಂಡು ತಿರುಗುತ್ತಿದ್ದುದರಿಂದ ಅಂಗಡಿಯ ಯಜಮಾನರು ಅವನನ್ನು ಟೆಸ್ಟರ್ ಎಂದೇ ಕರೆಯುತ್ತಿದ್ದರು. ಬೀದಿಗೆಲ್ಲ ಅದೇ ಹೆಸರು. ಯಂತ್ರಗಳ ಮುಂದೆ ಗಂಟೆಗಟ್ಟಲೆ ಕೂರುವವನು, ಮನುಷ್ಯರ ಮುಂದೆ ಮಾತು ಹುಡುಕುವವನು.

ಅವನು ಓವನ್ನನ್ನು ಗೋಡೆಯಿಂದ ಈಚೆ ಎಳೆದು, ಹಿಂದಿನ ತಗಡು ಬಿಚ್ಚಿ, ಬಿಸಿ ಕೊಡುವ ಕಾಯಿಲ್‌ಗಳ ವೈರು ಕಳಚಿ ಮೀಟರ್ ಹಚ್ಚಿದ. ಅವಳು ಬಾಗಿಲಿಗೆ ಒರಗಿ ನಿಂತು ಕಣ್ಣಿಟ್ಟು ನೋಡುತ್ತಿದ್ದಳು. ತನ್ನ ಓವನ್ನನ್ನು ಬೇರೆಯವರು ಮುಟ್ಟುವುದು ಅವಳಿಗೆ ಆಗಿಬರುತ್ತಿರಲಿಲ್ಲ.

"ಮೇಲಿನ ಕಾಯಿಲ್ ಚೆನ್ನಾಗಿದೆ," ಎಂದ. ಆಮೇಲೆ ಮೀಟರಿನ ಒಂದು ಮೊನೆಯನ್ನು ಕೆಳಗಿನ ಕಾಯಿಲ್‌ಗೂ ಇನ್ನೊಂದನ್ನು ಓವನ್ನಿನ ತಗಡಿಗೂ ಹಿಡಿದ. ಮೀಟರ್ ಕುಯ್ ಎಂದಿತು. "ಇದು ಒಡೆದಿದೆ. ಕರೆಂಟು ಓವನ್ನಿನ ಮೈಗೆಲ್ಲ ಹರೀತಾ ಇದೆ. ಅದಕ್ಕೇ ಮೇನ್ ಬೀಳ್ತಿರೋದು. ಸದ್ಯ, ಬೀಳ್ತಿತ್ತಲ್ಲ... ಬೀಳದೇ ಇದ್ದಿದ್ರೆ ನೀವು ಬೀಳ್ತಿದ್ರಿ."

"ಹೊಸ ಕಾಯಿಲ್ ಯಾವಾಗ ಬರುತ್ತೆ? ಶನಿವಾರದೊಳಗೆ ನಂಗೆ ಓವನ್ ಬೇಕೇ ಬೇಕು."

"ಶನಿವಾರ ಏನಿದೆ?"

ಅವಳು ಹೇಳುವವಳಲ್ಲ. ಆದರೆ ಅತ್ತೆ ಇದ್ದರಲ್ಲ, ಚಹಾದ ಲೋಟ ಅವನ ಕೈಗಿಡುತ್ತಾ ಎಲ್ಲವನ್ನೂ ಹೇಳಿಬಿಟ್ಟರು. ಗ್ರಂಥಾಲಯದ ಎದುರಿನ ಕಾಫಿ ಅಂಗಡಿಯ ಒಡತಿ ಶನಿವಾರ ಮಧ್ಯಾಹ್ನ ಕೇಕ್ ರುಚಿ ನೋಡಲು ಬರುತ್ತಾರೆ. ಒಪ್ಪಿದರೆ ಪ್ರತಿ ವಾರವೂ ಇವಳದ್ದೇ ಕೇಕು. ಒಪ್ಪದಿದ್ದರೆ ಇವಳು ಅಣ್ಣನ ಆಫೀಸಿನಲ್ಲಿ ಫೋನ್ ಎತ್ತಿಕೊಂಡೇ ಇರಬೇಕು, ಈಗಿನಂತೆ ಅರ್ಧ ದಿನವಲ್ಲ, ಇಡೀ ದಿನ. ಹಾಗಂತ ಅಣ್ಣ ತೀರ್ಮಾನ ಮಾಡಿ ಆಗಿದೆ.

"ಅತ್ತೆ, ಊರಿಗೆಲ್ಲ ಡಂಗುರ ಹೊಡೀಬೇಡಿ," ಎಂದಳು.

"ಊರಿಗೆಲ್ಲಿ ಹೊಡೆದೆ ಪುಟ್ಟಿ, ಈ ಹುಡುಗ ಒಬ್ಬನಿಗೆ ಹೇಳಿದೆ."

ಅವನು ನಗು ತಡೆದುಕೊಂಡು ಅವಳತ್ತ ತಿರುಗಿದ. "ಕೇಕ್ ಎಷ್ಟು ಡಿಗ್ರಿಗೆ ಇಡ್ತೀರಿ?"

"ಇನ್ನೂರು."

"ಪುಸ್ತಕಗಳಲ್ಲಿ ನೂರೆಪ್ಪತ್ತು ಅಂತಿರುತ್ತಲ್ಲ?"

"ಪುಸ್ತಕದವರಿಗೇನು ಗೊತ್ತು? ನೂರೆಪ್ಪತ್ತಕ್ಕೆ ಇಟ್ರೆ ನಡುವೆ ಹಸಿಹಸಿಯಾಗೇ ಇರುತ್ತೆ. ಒಬ್ಬರದ್ದಾದ್ರೂ ಲೆಕ್ಕ ಸರಿಯಿಲ್ಲ. ನಾನು ಎಲ್ಲಾನೂ ಮೂವತ್ತು ಡಿಗ್ರಿ ಹೆಚ್ಚಿಗೆ ಇಡೋದು. ನನ್ನ ಕೇಕ್ ತಿಂದೋರು ಯಾರೂ ದೂರು ಹೇಳಿಲ್ಲ."

ಅವನು ಏನೋ ಹೇಳಲು ಬಾಯಿ ತೆರೆದ. ಅವಳ ಮುಖದ ಮೇಲಿದ್ದ ಹೆಮ್ಮೆಯನ್ನು ನೋಡಿದ. ಬಾಯಿ ಮುಚ್ಚಿಕೊಂಡ.

ಎಲ್ಲ ಎಡವಟ್ಟೂ ಶುರುವಾದದ್ದು ಅಲ್ಲಿಂದ.

ಹೊಸ ಕಾಯಿಲ್ ತೆಗೆದುಕೊಂಡು ಅವನು ಮತ್ತೆ ಬಂದದ್ದು ಶುಕ್ರವಾರ. ಈ ಸಲ ಬಾಗಿಲು ತೆರೆದೇ ಇದ್ದರೂ ಬೆಲ್ ಒತ್ತಿ, ಕರೆಯುವವರೆಗೆ ಹೊಸ್ತಿಲಾಚೆ ನಿಂತ. ಅವಳಿಗೆ ನಗು ಬಂತು. ಅದನ್ನು ತೋರಿಸದೆ, "ಬನ್ನಿ, ಈಗ ಕರೆಂಟ್ ಇದೆ," ಎಂದಳು.

ಅವನು ಕೆಲಸ ಮಾಡಿದ, ಅವಳು ಪಕ್ಕದಲ್ಲಿ ಕೂತು ಸ್ಕ್ರೂಗಳನ್ನು ತಟ್ಟೆಯಲ್ಲಿ ಹಾಕಿಟ್ಟುಕೊಂಡಳು. ಯಾವ ಸ್ಕ್ರೂ ಎಲ್ಲಿಯದೆಂದು ಅವಳೇ ಬೇರೆ ಬೇರೆ ಗುಂಪು ಮಾಡಿದಳು. ಅವನಿಗೆ ಅದು ಇಷ್ಟವಾಯಿತು. ಹಾಗಂತ ಹೇಳಲು ಅವನಿಗೆ ಬರಲಿಲ್ಲ. "ಹೂಂ," ಎಂದ, ಅಷ್ಟೆ.

ಅವಳು ಆ 'ಹೂಂ' ಅನ್ನು ಮನಸ್ಸಿನಲ್ಲೇ ತಿರುಗಿಸಿ ಮುರುಗಿಸಿ ನೋಡಿದಳು. 'ಇವನು ಹೊಗಳಿದನಾ? ಹೊಗಳಿದನು ಅಂತಲೇ ಇಟ್ಟುಕೊಳ್ಳೋಣ...'

ಆಗ ಫೋನ್ ಬಂತು. ಅಣ್ಣ. ಅವಳು ಹಜಾರಕ್ಕೆ ಹೋದಳು. ಮನೆ ಚಿಕ್ಕದು, ಒಂದೊಂದು ಮಾತೂ ಅಡುಗೆಮನೆಗೆ ಕೇಳುತ್ತಿತ್ತು.

"ಓವನ್ ಮಾರ್ತೀಯಾ? ಯಾರಿಗೆ? ...ಸೋಮವಾರ ಬಂದು ಒಯ್ತಾರಾ? ಅಣ್ಣಾ, ಅದು ನಂದು. ...ಒಳ್ಳೇದಕ್ಕೇ ಮಾಡ್ತೀಯ, ಗೊತ್ತು. ಕಾಲೇಜಿಗೆ ಸೇರಿಸಿದ್ದೂ ಒಳ್ಳೇದಕ್ಕೆ, ಆಫೀಸಿಗೆ ಹಾಕಿದ್ದೂ ಒಳ್ಳೇದಕ್ಕೆ. ಹೋದ ವರ್ಷ ನನ್ನ ಕೇಳದೇನೇ ಆ ಗಂಡಿನ ಕಡೆಯವರಿಗೆ ಹೂಂ ಅಂದಿದ್ದೂ ಒಳ್ಳೇದಕ್ಕೆ. ಒಂದ್ಸಲ, ಒಂದೇ ಒಂದ್ಸಲ ನನ್ನ ಕೇಳಬಹುದಿತ್ತಲ್ವಾ?"

ಅಡುಗೆಮನೆಯಲ್ಲಿ ಓವನ್ನಿನ ಮುಂದೆ ಕೂತಿದ್ದವನಿಗೆ, ಈ ಹುಡುಗಿಗೆ ಏನಾದರೂ ಒಳ್ಳೆಯದು ಮಾಡಬೇಕು ಎನಿಸಿತು. ತಕ್ಷಣ, ಈಗಲೇ, ತನ್ನ ಕೈಲಾದದ್ದು.

ಅವನ ಕೈಲಾದದ್ದು ಕಣ್ಣೆದುರಿಗೇ ಇತ್ತು. ಓವನ್ನಿನ ಒಳಗೋಡೆಯಲ್ಲಿ ಥರ್ಮೋಸ್ಟ್ಯಾಟಿನ ತಾಮ್ರದ ಕಡ್ಡಿ ಇರುತ್ತದೆ. ಒಳಗೆ ಎಷ್ಟು ಬಿಸಿಯಾಗಿದೆ ಎಂದು ಅಳೆದು, ಸಾಕಾದಾಗ ಕಾಯಿಲ್ ಆರಿಸುವುದು ಅದರ ಕೆಲಸ. ಈ ಓವನ್ನಿನಲ್ಲಿ ಅದು ಕ್ಲಿಪ್ಪಿನಿಂದ ಜಾರಿ ಮೇಲಿನ ಕಾಯಿಲ್‌ನ ಹತ್ತಿರಕ್ಕೆ ಹೋಗಿ ಕೂತಿತ್ತು. ಕಾಯಿಲ್ ಪಕ್ಕ ಕೂತರೆ ಕಡ್ಡಿ ಬೇಗ ಬಿಸಿಯಾಗುತ್ತದೆ, ಬೇಗ ಸಾಕೆನ್ನುತ್ತದೆ. ಹೊರಗೆ ಇನ್ನೂರು ತೋರಿಸಿದರೂ ಒಳಗೆ ಇರುತ್ತಿದ್ದುದು ನೂರೆಪ್ಪತ್ತು. ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡ ಓವನ್ನು, ಅವಳ ಮನೆಗೆ ಬರುವ ಮುಂಚೆಯೇ ಅದು ಜಾರಿತ್ತು. ಪುಸ್ತಕದವರ ಲೆಕ್ಕವೆಲ್ಲ ಸರಿಯಾಗಿಯೇ ಇತ್ತು.

ಇದನ್ನು ಹೇಳಿದರೆ ಅವಳ ಮುಖ ಸಪ್ಪಗಾಗುತ್ತದೆ ಎಂದುಕೊಂಡ. ಸದ್ದಿಲ್ಲದೆ ಕಡ್ಡಿಯನ್ನು ಕ್ಲಿಪ್ಪಿಗೆ ಸಿಕ್ಕಿಸಿದ. ಓವನ್ ಹಚ್ಚಿ, ತನ್ನ ಥರ್ಮಾಮೀಟರ್ ಒಳಗಿಟ್ಟು ನೋಡಿದ. ಇನ್ನೂರಕ್ಕೆ ಸರಿಯಾಗಿ ಇನ್ನೂರು. ಅವನಿಗೆ ಅದಕ್ಕಿಂತ ದೊಡ್ಡ ಸಂತೋಷ ಗೊತ್ತಿರಲಿಲ್ಲ.

ಕೇಳದೆ ಮಾಡಿದ ಉಪಕಾರಗಳ ಬಗ್ಗೆ ಅವಳು ಹಜಾರದಲ್ಲಿ ಅಷ್ಟು ಹೊತ್ತು ಮಾತಾಡಿದ್ದು ಅವನ ಕಿವಿಗೆ ಬಿದ್ದಿತ್ತು. ತಲೆಗೆ ಹೋಗಿರಲಿಲ್ಲ.

"ಆಯ್ತು," ಎಂದ, ಅವಳು ಕಣ್ಣೊರೆಸಿಕೊಂಡು ಒಳಬಂದಾಗ. "ಈಗ ಚೆನ್ನಾಗಿ ಬೇಯುತ್ತೆ ನೋಡಿ."

ಶನಿವಾರ ಬೆಳಿಗ್ಗೆ ಅವಳು ಎಂದಿನಂತೆ ಕಿತ್ತಳೆ ಕೇಕಿನ ಹಿಟ್ಟು ಕಲಸಿ, ಎಂದಿನಂತೆ ಇನ್ನೂರಕ್ಕೆ ಇಟ್ಟು, ಎಂದಿನಂತೆ ಸ್ನಾನಕ್ಕೆ ಹೋದಳು.

ಬರುವಷ್ಟರಲ್ಲಿ ಮನೆಯೆಲ್ಲ ಕರಕಲು ವಾಸನೆ. ಕೇಕಿನ ನೆತ್ತಿ ಬಾಯಿಬಿಟ್ಟಿತ್ತು, ಅಂಚು ಕಪ್ಪಾಗಿತ್ತು. ಚಾಕು ಇಳಿಯಲಿಲ್ಲ.

ಅತ್ತೆ ಸೀದುಹೋದ ಕೇಕನ್ನು ನೋಡಿದರು, ಅವಳ ಮುಖ ನೋಡಿದರು, ಫೋನ್ ಕೈಗೆತ್ತಿಕೊಂಡರು. ಕಾಫಿ ಅಂಗಡಿಯ ಒಡತಿಗೆ, "ನಮ್ಮ ಹುಡುಗಿ ಕೈ ಸುಟ್ಕೊಂಡಿದಾಳೆ, ನಾಳೆ ಬರ್ತೀರಾ?" ಎಂದು ಕಣ್ಣು ಮಿಟುಕಿಸದೆ ಸುಳ್ಳು ಹೇಳಿದರು.

ಅವಳು ರಿಪೇರಿ ಅಂಗಡಿಗೆ ಫೋನ್ ಮಾಡಿದಳು. ಅವನು ಸಲಕರಣೆಯ ಬ್ಯಾಗ್ ಹಿಡಿದು ಓಡುತ್ತಲೇ ಬಂದ. ಮೇಜಿನ ಮೇಲಿದ್ದ ಕೇಕು ನೋಡಿದ್ದೇ ತಡ, ಅವನಿಗೆ ಅರ್ಥವಾಯಿತು.

"ಏನು ಮಾಡಿದ್ರಿ ನನ್ನ ಓವನ್‌ಗೆ?"

ಅವನು ಸುಳ್ಳು ಹೇಳಬಹುದಿತ್ತು. ಹೊಸ ಕಾಯಿಲ್ ಮೊದಮೊದಲು ಹೀಗೇ ಎಂದಿದ್ದರೆ ಅವಳು ನಂಬುತ್ತಿದ್ದಳು. ಆದರೆ ಎಲ್ಲವನ್ನೂ ಹೇಳಿದ. ಜಾರಿದ್ದ ಕಡ್ಡಿ, ಕ್ಲಿಪ್ಪು, ಮೂವತ್ತು ಡಿಗ್ರಿ.

ಅವಳು ಕರಕಲು ಕೇಕನ್ನು ಪಕ್ಕಕ್ಕೆ ತಳ್ಳಿದಳು.

"ಅಂದ್ರೆ ಇಷ್ಟು ದಿನ ತಪ್ಪು ಮಾಡ್ತಿದ್ದಿದ್ದು ನಾನು. ಅದು ನಿಮಗೆ ಮೊದಲ ದಿನಾನೇ ಗೊತ್ತಾಗಿತ್ತು."

"ಅನುಮಾನ ಇತ್ತು."

"ಯಾಕೆ ಹೇಳಲಿಲ್ಲ?"

"ಬೇಜಾರಾಗುತ್ತೆ ಅನ್ಕೊಂಡೆ. ನಿಮ್ಮ ಒಳ್ಳೇದಕ್ಕೇ..."

ಆ ಮಾತು ಬಾಯಿಂದ ಹೊರಬಿದ್ದಮೇಲೆ ಅವನು ನಾಲಿಗೆ ಕಚ್ಚಿಕೊಂಡ. ಹೊತ್ತು ಮೀರಿತ್ತು.

"ಒಳ್ಳೇದಕ್ಕೆ," ಎಂದಳು ಅವಳು. ದನಿ ಏರಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚಿತು. "ಈ ಮನೇಲಿ ನನ್ನದು ಅಂತ ಇದ್ದಿದ್ದು ಈ ಓವನ್ ಒಂದೇ. ಅದರ ಕಿವಿ ಎಷ್ಟು ಹಿಂಡಬೇಕು ಅಂತ ನಂಗೊಬ್ಬಳಿಗೇ ಗೊತ್ತಿತ್ತು. ನೀವೂ ನನ್ನ ಕೇಳಲಿಲ್ಲ."

"ತಪ್ಪಾಯ್ತು," ಎಂದ. "ಬೇಕಂದ್ರೆ ಹಿಂದಿನ ಹಾಗೇ ಮಾಡಿಕೊಡ್ತೀನಿ."

"ಬೇಡ. ಹೋಗಿ."

ಅವನು ಹೋದ. ಅತ್ತೆ ಕಿಟಕಿಯಿಂದ ಬೀದಿ ನೋಡುತ್ತಾ, "ಬ್ಯಾಗ್ ಇಲ್ಲೇ ಬಿಟ್ಟು ಹೋದ ಪಾಪ," ಎಂದರು. ಅವಳು ಕೇಳಿಸಿಕೊಂಡಂತೆ ತೋರಿಸಲಿಲ್ಲ.

ಅಳು ಮುಗಿಯುವಷ್ಟರಲ್ಲಿ ಮಧ್ಯಾಹ್ನ ಅರ್ಧ ಕಳೆದಿತ್ತು. ಆಮೇಲೆ ಅವಳು ಎದ್ದಳು. ಯಾರ ಮಾತನ್ನೂ ನಂಬಿ ಒಪ್ಪಿಕೊಳ್ಳುವವಳಲ್ಲ ಅವಳು, ತನ್ನ ಕಣ್ಣಾರೆ ನೋಡಬೇಕು. ಒಂದು ಪೊಟ್ಟಣ ಬ್ರೆಡ್ಡು ಬಿಚ್ಚಿ, ತುಂಡುಗಳನ್ನು ಜಾಲರಿಯ ಮೇಲೆ ಒತ್ತೊತ್ತಾಗಿ ಹಾಸಿ ಓವನ್ನಿನಲ್ಲಿ ನೂರೆಪ್ಪತ್ತಕ್ಕೆ ಇಟ್ಟಳು. ಒಳಗೆ ಬಿಸಿ ಎಷ್ಟಿದೆ ಎಂದು ಬ್ರೆಡ್ಡಿನ ಬಣ್ಣವೇ ಹೇಳುತ್ತದೆ. ಈ ಮುಂಚೆ ನೂರೆಪ್ಪತ್ತಕ್ಕೆ ಇಟ್ಟಾಗಲೆಲ್ಲ ತುಂಡುಗಳು ಬೆಳ್ಳಗೇ ಉಳಿಯುತ್ತಿದ್ದವು.

ಈ ಸಲ ಅಷ್ಟೂ ತುಂಡುಗಳು ಹದವಾಗಿ ಕೆಂಪಗಾದವು.

ಅವಳು ಬಟ್ಟೆಯಲ್ಲಿ ಹಿಡಿದು ಜಾಲರಿಯನ್ನು ಮೇಜಿನ ಮೇಲಿಟ್ಟು, ಒಂದೊಂದು ತುಂಡನ್ನೂ ತಿರುವಿ ನೋಡಿದಳು. 'ಓವನ್ ಈಗ ಕೆಟ್ಟಿಲ್ಲ, ಮೊದಲೇ ಕೆಟ್ಟಿತ್ತು. ನಾನು ಕೆಟ್ಟ ಓವನ್ನಿಗೆ ಒಗ್ಗಿಹೋಗಿದ್ದೆ... ಅದನ್ನೇ ಜಾಣತನ ಅಂತ ಬೀಗ್ತಿದ್ದೆ.' ನಾಚಿಕೆಯಾಯಿತು. ನಾಚಿಕೆಯ ಜೊತೆಗೆ, ಯಾಕೋ, ಹಗುರವೂ ಆಯಿತು.

ಮರುದಿನ ಬೆಳಿಗ್ಗೆ ಮತ್ತೆ ಹಿಟ್ಟು ಕಲಸಿ ನೂರೆಪ್ಪತ್ತಕ್ಕೆ ಇಟ್ಟಳು. ಕೈ ತನ್ನಷ್ಟಕ್ಕೇ ಗುಂಡಿಯನ್ನು ಇನ್ನೂರರ ಕಡೆ ತಿರುಗಿಸಲು ಹೋಯಿತು, ಅದನ್ನು ಹಿಂದಕ್ಕೆಳೆದುಕೊಂಡಳು. ಸ್ನಾನಕ್ಕೂ ಹೋಗದೆ ಗಾಜಿನ ಮುಂದೆಯೇ ಕೂತಳು. ಕೇಕು ನಿಧಾನವಾಗಿ ಎದ್ದಿತು, ಬಿರುಕಿಲ್ಲದೆ, ಸಮನಾಗಿ.

ಕಾಫಿ ಅಂಗಡಿಯ ಒಡತಿ ಒಂದು ತುಂಡು ತಿಂದರು, ಆಮೇಲೆ ಇನ್ನೊಂದು ತುಂಡು ತಿಂದರು. "ಬುಧವಾರದಿಂದ ಕಳಿಸ್ತೀರಾ?" ಎಂದು ಕೇಳಿದರು. ಹೋಗುವಾಗ ಅವಳ ಕೈ ನೋಡಿ, "ಸುಟ್ಟಿದ್ದು ಇಷ್ಟು ಬೇಗ ವಾಸಿಯಾಯ್ತಾ?" ಎಂದರು.

"ನಮ್ಮ ವಂಶಾನೇ ಹಾಗೆ," ಎಂದರು ಅತ್ತೆ.

ಅಣ್ಣನಿಗೆ ಫೋನ್ ಮಾಡಿ, ಓವನ್ ಮಾರುವುದಿಲ್ಲ, ಈ ತಿಂಗಳ ಕೊನೆಗೆ ಆಫೀಸನ್ನೂ ಬಿಡುತ್ತೇನೆ ಎಂದು ಹೇಳಿದಳು. ಆ ಕಡೆಯಿಂದ ತುಂಬ ಹೊತ್ತು ಬುದ್ಧಿವಾದ ಬಂತು. ಕೊನೆಗೆ ಅವನು, "ನಾನು ಏನು ಮಾಡಿದ್ರೂ ನಿನಗೆ ತಪ್ಪೇ," ಎಂದು ಇಟ್ಟುಬಿಟ್ಟ.

ಅವಳು ಫೋನನ್ನು ಕೆಳಗಿಟ್ಟಳು. ಇಷ್ಟು ವರ್ಷಗಳಲ್ಲಿ ಅಣ್ಣ ಅವಳ ಬದುಕಿನಲ್ಲಿ ಎಷ್ಟೋ ಸರಿಪಡಿಸಿದ್ದ. ತಪ್ಪಾಯ್ತು ಎಂದು ಒಂದು ದಿನವೂ ಅಂದಿರಲಿಲ್ಲ. ಹಿಂದಿನ ಹಾಗೇ ಮಾಡಿಕೊಡುತ್ತೇನೆ ಎಂದಂತೂ ಇಲ್ಲವೇ ಇಲ್ಲ.

ಆ ಮಾತು ಹೇಳಿದವನು ಒಬ್ಬನೇ ಒಬ್ಬ. ಅವನನ್ನು ಅವಳು ಹೋಗಿ ಎಂದು ಕಳಿಸಿದ್ದಳು. ಅವನ ಬ್ಯಾಗು ಇನ್ನೂ ಓವನ್ನಿನ ಪಕ್ಕದಲ್ಲೇ ಕೂತಿತ್ತು.

"ಬ್ಯಾಗ್ ಕೊಟ್ಟು ಬರ್ತೀನಿ," ಎಂದಳು, ಸೋಮವಾರ.

"ಬ್ಯಾಗ್ ಕೊಡೋಕೆ ಹೋಗೋರು ಆ ಸೀರೆ ಯಾಕೆ ಉಟ್ಕೋತಾರೋ," ಎಂದರು ಅತ್ತೆ, ಗೋಡೆಗೆ ಹೇಳುವಂತೆ.

ಮಾರುಕಟ್ಟೆ ಬೀದಿಯ ಅಂಗಡಿ ಚಿಕ್ಕದು. ಗೋಡೆ ತುಂಬ ಇಸ್ತ್ರಿಪೆಟ್ಟಿಗೆಗಳು, ಹೊಟ್ಟೆ ಬಗೆದಿಟ್ಟ ಮಿಕ್ಸಿಗಳು, ಕುತ್ತಿಗೆಗೆ ಚೀಟಿ ಕಟ್ಟಿಸಿಕೊಂಡ ಫ್ಯಾನುಗಳು. ಬಾಗಿಲಲ್ಲಿ ಕೂತಿದ್ದ ಯಜಮಾನರು ಅವಳ ಕೈಯಲ್ಲಿದ್ದ ಬ್ಯಾಗನ್ನು ಗುರುತಿಸಿದರು.

"ನೀವೇನಾ ಆ ಓವನ್‌ನೋರು? ಒಳಗೆ ಹೋಗಿ. ಮೊನ್ನೆಯಿಂದ ಅವನು ಗುಜರಿ ಓವನ್ ಮುಂದೆ ತಪಸ್ಸು ಮಾಡ್ತಿದಾನೆ. ಬೇರೆ ಕೆಲಸ ಒಂದೂ ಮುಟ್ಟಿಲ್ಲ."

ಒಳಗಿನ ಬೆಂಚಿನ ಮೇಲೆ ಅವಳದ್ದೇ ಥರದ ಹಳೆಯ ಓವನ್ನೊಂದು ಬಿಸಿಯಾಗುತ್ತಿತ್ತು. ಪಕ್ಕದಲ್ಲಿ ಸುಟ್ಟ ಬ್ರೆಡ್ಡಿನ ತುಂಡುಗಳ ರಾಶಿ. ಅವನು ಬೆನ್ನು ಹಾಕಿ ಕೂತು ಥರ್ಮಾಮೀಟರನ್ನೇ ನೋಡುತ್ತಿದ್ದ.

"ಏನು ಮಾಡ್ತಿದೀರಿ?"

ಅವನು ಬೆಚ್ಚಿ ತಿರುಗಿದ. ಎದ್ದು ನಿಂತ. ಕೈಯಲ್ಲಿದ್ದ ಇಕ್ಕಳವನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದೇ ನಿಂತ.

"ನಿಮ್ಮದು ಹಿಂದೆ ಹೇಗಿತ್ತೋ ಹಾಗೆ ಮಾಡೋಕಾಗುತ್ತಾ ಅಂತ ನೋಡ್ತಿದ್ದೆ. ಕಡ್ಡಿನ ಸುಮ್ನೆ ಕ್ಲಿಪ್ಪಿಂದ ತೆಗೆದ್ರೆ ಆಗಲ್ಲ. ಒಂದ್ಸಲ ಹದಿನೈದು ತಪ್ಪುತ್ತೆ, ಒಂದ್ಸಲ ಐವತ್ತು ತಪ್ಪುತ್ತೆ. ನಿಮಗೆ ಬೇಕಾಗಿರೋದು ಮೂವತ್ತು." ಅವನು ಥರ್ಮಾಮೀಟರ್ ಕಡೆ ನೋಡಿದ. "ಈಗ ಇಪ್ಪತ್ತೆಂಟಕ್ಕೆ ಬಂದಿದೆ. ತಪ್ಪಾದ್ರೂ ಸರಿಯಾಗಿ ಬರಬೇಕಲ್ಲ..."

ಕೆಟ್ಟದ್ದನ್ನು ಸರಿಮಾಡುವುದೇ ಹೊಟ್ಟೆಪಾಡಾದವನು ಇವನು. ಇನ್ನೂರಕ್ಕೆ ಇನ್ನೂರು ಬಂದರೆ ಹಬ್ಬ ಆಚರಿಸುವವನು. ಅಂಥವನು ಅವಳಿಗೋಸ್ಕರ ಕೂತು ಒಂದು ತಪ್ಪನ್ನು ಡಿಗ್ರಿ ಡಿಗ್ರಿಯಾಗಿ ಕಟ್ಟುತ್ತಿದ್ದ. ಅವಳ ಕಣ್ಣು ತುಂಬಿ ಬಂತು. ಈ ಮನುಷ್ಯ ನನಗೆ ಬೇಕು ಎಂದು ಅವಳಿಗೆ ಆ ಕ್ಷಣದಲ್ಲಿ, ಆ ಸುಟ್ಟ ಬ್ರೆಡ್ಡಿನ ವಾಸನೆಯ ನಡುವೆ, ಖಚಿತವಾಗಿ ಗೊತ್ತಾಯಿತು.

ಅವಳು ಬ್ಯಾಗ್ ಕೆಳಗಿಟ್ಟು, ಜೊತೆಗೆ ತಂದಿದ್ದ ಡಬ್ಬಿ ತೆರೆದು ಅವನ ಮುಂದೆ ಹಿಡಿದಳು. ಕಿತ್ತಳೆ ಕೇಕಿನ ಎರಡು ತುಂಡು.

"ನೂರೆಪ್ಪತ್ತಕ್ಕೆ ಇಟ್ಟಿದ್ದು. ಕಾಫಿ ಅಂಗಡಿಯವರು ಒಪ್ಪಿದ್ರು. ಅಣ್ಣನಿಗೂ ಹೇಳಿ ಆಯ್ತು."

ಅವನು ಒಂದನ್ನು ತಿಂದ. ಕಣ್ಣು ಮುಚ್ಚಿಕೊಂಡು ತಿಂದ.

"ಹೂಂ," ಎಂದ.

"ಆ ಹೂಂ ಅಂದ್ರೇನು ಅಂತ ಇವತ್ತಾದ್ರೂ ಬಿಡಿಸಿ ಹೇಳಿ."

"ಇಷ್ಟು ಚೆನ್ನಾಗಿರೋದನ್ನ ನಾನು ತಿಂದೇ ಇಲ್ಲ ಅಂತ." ಅವನು ಇಕ್ಕಳವನ್ನು ಇನ್ನೊಂದು ಕೈಗೆ ದಾಟಿಸಿದ. "ಮತ್ತೆ... ನೀವು ಅವತ್ತು ಸ್ಕ್ರೂಗಳನ್ನ ಗುಂಪು ಮಾಡಿ ಇಟ್ರಲ್ಲ, ಆಗಿನಿಂದ ನಂಗೆ ನಿಮ್ಮದೇ ಯೋಚನೆ ಅಂತ."

ಬಾಗಿಲ ಬಳಿ ಯಜಮಾನರು ಕೆಮ್ಮಿದರು. ಆಮೇಲೆ ಏನೋ ನೆನಪಾದವರಂತೆ ಎದ್ದು ಬೀದಿಗಿಳಿದರು.

"ನಾನು ಅವತ್ತು ಕೇಳಬೇಕಿತ್ತು," ಎಂದ ಅವನು. "ನಿಮ್ಮ ಫೋನ್ ಮಾತು ನಂಗೆ ಕೇಳಿಸಿತ್ತು. ಕೇಳಿಸಿಕೊಂಡೂ ಅದನ್ನೇ ಮಾಡಿದೆ."

"ಹೌದು, ಮಾಡಿದ್ರಿ. ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ."

"ಎಷ್ಟು ಉಳಿದಿದೆ?"

ಅವಳು ಬೆಂಚಿನ ಮೇಲಿನ ಓವನ್ನನ್ನು ನೋಡಿದಳು. ಕೈ ಚಾಚಿ ಅದರ ಗುಂಡಿಯನ್ನು ತಿರುಗಿಸಿ ಆರಿಸಿದಳು. "ಇನ್ನೆರಡು ಡಿಗ್ರಿ ಇರಬಹುದು. ಇದು ಬೇಡ. ನಂದು ಸರಿಯಾಗೇ ಇರಲಿ, ನಾನು ಕಲಿತುಕೊಳ್ತೀನಿ."

ಉರಿ ಆರಿದ ಓವನ್ನು ತಣ್ಣಗಾಗುತ್ತಾ ಟಿಕ್ ಟಿಕ್ ಎನ್ನುತ್ತಿತ್ತು. ಅವನು ಇಕ್ಕಳವನ್ನು ಕೊನೆಗೂ ಕೆಳಗಿಟ್ಟ.

"ಹಾಗಾದ್ರೆ ಒಂದು ಮಾತು ಕೇಳ್ತೀನಿ," ಎಂದ. "ಓವನ್ ಕೆಡದೇ ಇದ್ರೂ ನಿಮ್ಮ ಮನೆಗೆ ಬರಬಹುದಾ?"

ಬದುಕಿನಲ್ಲಿ ಒಂದೇ ಒಂದು ಸಲ ಯಾರಾದರೂ ತನ್ನನ್ನು ಕೇಳಲಿ ಎಂದು ಕಾದವಳು ಅವಳು. ಈಗ ಕೇಳಿದ್ದಾನೆ. ಉತ್ತರ ಕೊಡಲು ಅವಳಿಗೆ ಅರೆಗಳಿಗೆಯೂ ಬೇಕಾಗಲಿಲ್ಲ.

"ಬನ್ನಿ," ಎಂದಳು. "ಇದೊಂದಕ್ಕೆ ಕೇಳಬೇಕಾಗಿಲ್ಲ."

"ಆದ್ರೂ ಕೇಳ್ತೀನಿ."

"ಪ್ರತಿ ಸಲಾನಾ?"

"ಪ್ರತಿ ಸಲ. ಬೆಲ್ಲೂ ಮಾಡ್ತೀನಿ."

"ಕರೆಂಟ್ ಹೋಗಿದ್ರೆ?"

"ಹೊರಗೇ ನಿಂತಿರ್ತೀನಿ, ನೀವು ಬಂದು ಬಾಗಿಲು ತೆಗೆಯೋವರೆಗೆ."

ಅವಳು ನಕ್ಕಳು. ಡಬ್ಬಿಯಲ್ಲಿ ಉಳಿದಿದ್ದ ತುಂಡನ್ನು ಎರಡು ಮಾಡಿ, ದೊಡ್ಡದನ್ನು ಅವನಿಗೆ ಕೊಟ್ಟಳು.

"ಅಷ್ಟೊತ್ತು ನಿಲ್ಲಿಸಲ್ಲ," ಎಂದಳು.